ಊಟದ ಜೊತೆಗೆ ಆಟ: ಬಯಲು ಯಾರದು, ಬೇಲಿ ಯಾರದು?

ಕಳೆದ ಬೇಸಿಗೆಯ ಒಂದು ಸಂಜೆ ಘಟ್ಟದ ಅಂಚಿನ ರೆಸಾರ್ಟೊಂದರ ಹುಲ್ಲುಹಾಸಿನ ಮೇಲೆ ನಲವತ್ತರಷ್ಟು ಅತಿಥಿಗಳು ದುಂಡು ಮೇಜುಗಳ ಸುತ್ತ ಕುಳಿತಿದ್ದರು. ಎದುರಿಗೆ ಈಜುಕೊಳ, ಅದರಾಚೆ ಹಲಗೆಯ ಅಟ್ಟಣೆ, ಅಟ್ಟಣೆಯ ಮೇಲೆ ಬಣ್ಣಬಣ್ಣದ ದೀಪ. ‘ಸಾಂಪ್ರದಾಯಿಕ ನೃತ್ಯನಾಟಕ ಮತ್ತು ಮಲೆನಾಡಿನ ಭೋಜನ’ ಎಂಬ ಫಲಕ ಬಾಗಿಲಲ್ಲಿತ್ತು. ಏಳೂವರೆಗೆ ಚಂಡೆಯ ಪೆಟ್ಟು ಬಿತ್ತು. ಎಂಟೂಕಾಲಿಗೆ ಊಟ ಬಡಿಸಬೇಕಾದ್ದರಿಂದ ಅಷ್ಟರೊಳಗೆ ಮಹಿಷಾಸುರ ಸಾಯಲೇಬೇಕಿತ್ತು.

ಭಾಗವತರಿಗೆ ನಾಲ್ಕಾರು ಪದಗಳಿಗಷ್ಟೇ ಅವಕಾಶ. ಕೇಳುಗರಿಗೆ ಭಾಷೆ ಬಾರದೆಂಬ ಕಾರಣಕ್ಕೆ ಅರ್ಥಗಾರಿಕೆಯನ್ನು ಪೂರ್ತಿಯಾಗಿ ಕೈಬಿಡಲಾಗಿತ್ತು. ದೊಂದಿ ಹಿಡಿದು ಮೇಜುಗಳ ನಡುವಿನಿಂದ ಬಂದ ಮಹಿಷಾಸುರನನ್ನು ಕಂಡು ಅತಿಥಿಗಳು ಹರ್ಷೋದ್ಗಾರ ಮಾಡಿದರು. ದೇವಿ ಅವನನ್ನು ವಧಿಸಿದ ಮೇಲೆ ಸತ್ತ ಮಹಿಷಾಸುರನೇ ಎದ್ದು, ಬಣ್ಣ ತೊಳೆಯುವ ಮೊದಲು ಅರ್ಧ ತಾಸು ಫೋಟೋಗಳಿಗೆ ನಿಂತ. ನಾನು ಇದನ್ನೆಲ್ಲ ಕಂಡದ್ದು ಒಳಗಿನಿಂದಲ್ಲ, ತಂತಿಬೇಲಿಯ ಹೊರಗಿನಿಂದ. ಚಂಡೆಯ ಸದ್ದು ಕೇಳಿ ಓಡಿಬಂದ ಹತ್ತಾರು ಮಕ್ಕಳು, ಕಂಬಳಿ ಹೊದ್ದ ಇಬ್ಬರು ಹಿರಿಯರು ನನ್ನ ಜೊತೆ ನಿಂತಿದ್ದರು. ಕಾವಲುಗಾರ ಬಂದು, ಅತಿಥಿಗಳಿಗೆ ತೊಂದರೆಯಾಗುತ್ತದೆ, ಹೊರಡಿ ಎಂದ. ಅಂದು ವೇಷ ಕಟ್ಟಿದವರಲ್ಲಿ ಒಬ್ಬರ ಮನೆ ಅಲ್ಲಿಂದ ಅರ್ಧ ಮೈಲಿಯೂ ಇಲ್ಲ. ಅವರ ಮನೆಯ ಮಕ್ಕಳೂ ಆ ಬೇಲಿಯ ಹೊರಗಿದ್ದರು.

ಈಗ ಅಂಥದ್ದೇ ಇನ್ನೊಂದು ಪ್ರಸ್ತಾವ ಪಕ್ಕದ ಗ್ರಾಮ ಪಂಚಾಯತಿಯ ಮುಂದಿದೆ. ಗ್ರಾಮಸಭೆಗೆ ಮುಂಚಿತವಾಗಿ ಮನೆಮನೆಗೆ ಹಂಚಿದ ನುಣುಪು ಕಾಗದದ ಪುಸ್ತಿಕೆಯ ಮುಖಪುಟದಲ್ಲಿ ಕಾಣುವುದು ಕಟ್ಟಡವಲ್ಲ, ಕೆಂಪು ಮುಂಡಾಸಿನ ಯಕ್ಷಗಾನ ವೇಷ. ಒಳಪುಟದ ಮೊದಲ ಭರವಸೆ ‘ಸ್ಥಳೀಯ ಕಲೆಗೆ ಪ್ರೋತ್ಸಾಹ’. ಎಷ್ಟು ಎಕರೆ ಬೆಟ್ಟ ಸಮತಟ್ಟಾಗುತ್ತದೆ, ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಆ ಪುಸ್ತಿಕೆಯಲ್ಲಿ ಒಂದು ಸಾಲಿನ ಉತ್ತರವೂ ಇಲ್ಲ. ಕೇಳಿದವರಿಗೆ ಸಿಗುವ ಉತ್ತರ ಒಂದೇ: ‘ಪರಿಸರದವರು ಎಲ್ಲದಕ್ಕೂ ಅಡ್ಡ ಬರುತ್ತಾರೆ, ಈಗ ಯಕ್ಷಗಾನಕ್ಕೂ ಅಡ್ಡ ಬಂದರು’. ಆದ್ದರಿಂದ ನಾವು ಏನನ್ನು ವಿರೋಧಿಸುತ್ತಿದ್ದೇವೆ, ಏನನ್ನು ವಿರೋಧಿಸುತ್ತಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಮೊಟಕಾದದ್ದು ಅಪರಾಧವಲ್ಲ

ಇರುಳಿಡೀ ನಡೆಯಬೇಕಾದ ಆಟವನ್ನು ಮುಕ್ಕಾಲು ತಾಸಿಗೆ ಇಳಿಸಿದರಲ್ಲ ಎಂಬುದೇ ಹಲವರ ಮೊದಲ ಕೊರಗು. ಆ ಕೊರಗು ನಮಗೂ ಇದೆ. ಆದರೆ ನಮ್ಮ ಮುಖ್ಯ ತಕರಾರು ಅದಲ್ಲ. ಶಿವರಾಮ ಕಾರಂತರು ವಿದೇಶಗಳ ಪ್ರೇಕ್ಷಕರಿಗಾಗಿ ಮಾತನ್ನು ಕಳಚಿ, ಹಾಡು ಮತ್ತು ಕುಣಿತಗಳನ್ನೇ ನೆಚ್ಚಿಕೊಂಡು ಯಕ್ಷಗಾನ ಬ್ಯಾಲೆಯನ್ನು ರೂಪಿಸಿದರು. ಹಿಮ್ಮೇಳಕ್ಕೆ ವಯಲಿನ್, ಸ್ಯಾಕ್ಸೋಫೋನುಗಳನ್ನು ತಂದರು. ಅದನ್ನು ಒಪ್ಪದ ಹಿರಿಯರು ಅಂದೂ ಇದ್ದರು, ಇಂದೂ ಇದ್ದಾರೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ನಗರಗಳ ವೇದಿಕೆಗಳಿಗೆ ಒಗ್ಗುವ ಮಿತಕಾಲದ ಪ್ರದರ್ಶನಗಳನ್ನು ನೀಡಿದೆ. ಇಂದು ಊರುಗಳಲ್ಲಿಯೂ ಕಾಲಮಿತಿಯ ಆಟಗಳೇ ಹೆಚ್ಚುತ್ತಿವೆ. ಕಲೆ ಕಾಲಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದನ್ನು ತೀರ್ಮಾನಿಸಬೇಕಾದವರು ಕಲಾವಿದರು ಮತ್ತು ಪ್ರೇಕ್ಷಕರು.

ಪ್ರವಾಸಿಗಳು ಬಂದದ್ದೂ ಅಪರಾಧವಲ್ಲ. ದೂರದಿಂದ ಬಂದವನೊಬ್ಬ ನಮ್ಮ ಆಟವನ್ನು ಕಣ್ಣರಳಿಸಿ ನೋಡಿದರೆ ಅದರಿಂದ ನಮ್ಮ ಗಂಟೇನೂ ಹೋಗುವುದಿಲ್ಲ. ನೆರೆಯ ಕೇರಳದ ಕೊಚ್ಚಿಯಲ್ಲಿ, ಘಟ್ಟದ ಮೇಲಿನ ತೆಕ್ಕಡಿ, ಮುನ್ನಾರುಗಳಲ್ಲಿ ಪ್ರವಾಸಿಗಳಿಗಾಗಿ ಸಂಜೆಯ ಕಥಕ್ಕಳಿ ಬಹುಕಾಲದಿಂದ ನಡೆಯುತ್ತಿದೆ. ಪ್ರೇಕ್ಷಕರು ಮೊದಲೇ ಬಂದು ಬಣ್ಣ ಹಚ್ಚುವುದನ್ನು ನೋಡುತ್ತಾರೆ, ಕಣ್ಣು ಹುಬ್ಬುಗಳ ಅಭಿನಯದ ವಿವರಣೆಯನ್ನು ಕೇಳುತ್ತಾರೆ, ಬಳಿಕ ಒಂದು ಕಥಾಭಾಗವನ್ನು ಕಾಣುತ್ತಾರೆ. ಟಿಕೆಟ್ ಕೊಂಡ ಯಾರು ಬೇಕಾದರೂ ಒಳಗೆ ಹೋಗಬಹುದು. ಆ ಸಂಜೆಗಳಿಂದ ಅನೇಕ ಕಲಾವಿದರ ಮನೆಯ ಒಲೆ ಉರಿದಿದೆ. ದೇವಾಲಯಗಳ ಇರುಳಿಡೀ ನಡೆಯುವ ಕಥಕ್ಕಳಿ ಅದರ ಪಕ್ಕದಲ್ಲೇ ಉಳಿದುಕೊಂಡಿದೆ. ಆದ್ದರಿಂದ ‘ಪ್ರವಾಸಿಗಳಿಗೆ ಆಡಿದರೆ ಕಲೆ ಸತ್ತುಹೋಗುತ್ತದೆ’ ಎಂಬ ಸುಲಭದ ಮಾತನ್ನು ನಾವು ಆಡುವುದಿಲ್ಲ.

ನಮ್ಮ ತಕರಾರು ಬೇರೆ. ಆಟವನ್ನು ಮುಂದಿಟ್ಟುಕೊಂಡು ಬೆಟ್ಟವನ್ನು, ಹಳ್ಳದ ನೀರನ್ನು ಒಳಗೆ ಹಾಕಿಕೊಳ್ಳುವ ವ್ಯವಹಾರವನ್ನು ನಾವು ವಿರೋಧಿಸುತ್ತಿದ್ದೇವೆ. ಯಕ್ಷಗಾನದ ವೇಷವನ್ನು ಪರವಾನಗಿ ಪತ್ರದಂತೆ ಬಳಸುವುದನ್ನು ವಿರೋಧಿಸುತ್ತಿದ್ದೇವೆ. ಆಟ ಯಾರ ನೆಲದಲ್ಲಿ ಹುಟ್ಟಿತೋ ಆ ಜನರನ್ನೇ ಬೇಲಿಯ ಹೊರಗೆ ನಿಲ್ಲಿಸುವ ವ್ಯವಸ್ಥೆಗೆ ‘ಕಲೆಗೆ ಪ್ರೋತ್ಸಾಹ’ ಎಂಬ ಹೆಸರು ಒಪ್ಪುವುದಿಲ್ಲ ಎನ್ನುತ್ತಿದ್ದೇವೆ.

ಆಟದ ಊಟ ನಮಗೆ ಹೊಸದಲ್ಲ

ಊಟದ ಜೊತೆಗೆ ಆಟ ಎಂಬುದನ್ನು ಹೊಸ ಶೋಧವೆಂಬಂತೆ ಪುಸ್ತಿಕೆ ಬಣ್ಣಿಸುತ್ತದೆ. ನಮ್ಮ ಊರುಗಳಲ್ಲಿ ಹರಕೆಯ ಆಟ ಆಡಿಸಿದವರನ್ನು ಕೇಳಿ ನೋಡಿ. ಮಗುವಿನ ಕಾಯಿಲೆ ವಾಸಿಯಾದದ್ದಕ್ಕೋ ಹೊಸ ಮನೆ ಕಟ್ಟಿದ್ದಕ್ಕೋ ಹರಕೆ ಹೊತ್ತವರು ಮೇಳವನ್ನು ಕರೆಸುತ್ತಾರೆ. ಮಂದಾರ್ತಿ, ಕಟೀಲಿನಂಥ ಮೇಳಗಳ ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಮನೆತನಗಳಿವೆ. ಮೇಳ ಬಂದ ದಿನ ಕಲಾವಿದರಿಗೂ ಊರವರಿಗೂ ಊಟ. ಆ ಊಟಕ್ಕೆ ಟಿಕೆಟಿಲ್ಲ. ಚೌಕಿಯಲ್ಲಿ ಗಣಪತಿಗೆ ಪೂಜೆಯಾಗಿ ರಂಗಸ್ಥಳದಲ್ಲಿ ಚಂಡೆ ಎದ್ದರೆ, ಕೇಳಿಸಿದಷ್ಟು ದೂರದವರಿಗೆಲ್ಲ ಅದೇ ಆಮಂತ್ರಣ. ದಾರಿಹೋಕನೂ ಬಂದು ಕೂರಬಹುದು, ಬೇಸರವಾದರೆ ಎದ್ದು ಹೋಗಬಹುದು, ಭಾಗವತರ ತಾಳ ತಪ್ಪಿದರೆ ಮರುದಿನ ಚಹದಂಗಡಿಯಲ್ಲಿ ತಕರಾರನ್ನೂ ತೆಗೆಯಬಹುದು.

ಪೂರ್ವಕಾಲದ ಪದ್ಧತಿಯೆಲ್ಲ ನಿಷ್ಕಳಂಕವಾಗಿತ್ತೆಂದು ನಾವು ಹೇಳುವುದಿಲ್ಲ. ಆ ಊಟದ ಪಂಕ್ತಿಗಳಲ್ಲಿ ಜಾತಿಯ ಭೇದವಿತ್ತು. ರಂಗಸ್ಥಳದ ಸುತ್ತ ಯಾರು ಎಲ್ಲಿ ಕೂರಬೇಕೆಂಬ ಲಿಖಿತವಲ್ಲದ ಕಟ್ಟಳೆಗಳಿದ್ದವು. ಹೆಂಗಸರಿಗೆ ವೇಷ ಕಟ್ಟುವ ಅವಕಾಶ ಸಿಕ್ಕಿದ್ದು ತಡವಾಗಿ. ಆ ಗೋಡೆಗಳನ್ನು ಕೆಡವಲು ಊರಿನೊಳಗಿದ್ದವರೇ ಜಗಳವಾಡಿದರು. ಆ ಜಗಳ ಇನ್ನೂ ಮುಗಿದಿಲ್ಲ. ಇಷ್ಟು ಕಷ್ಟದಿಂದ ಅಗಲವಾಗುತ್ತ ಬಂದ ಬಯಲಿಗೆ ಈಗ ಹಣದ ಬೇಲಿ ಹಾಕಿಸಿಕೊಳ್ಳಬೇಕೇ ಎಂಬುದು ನಮ್ಮ ಪ್ರಶ್ನೆ.

ಆಟಕ್ಕೂ ಈ ನೆಲಕ್ಕೂ ಇರುವ ನಂಟು ಭಾವುಕತೆಯ ಮಾತಲ್ಲ. ‘ಬಯಲಾಟ’ ಎಂಬ ಹೆಸರಿನಲ್ಲೇ ಬಯಲಿದೆ. ಸುಗ್ಗಿ ಮುಗಿದು ಗದ್ದೆ ಬರಿದಾದಾಗ ಅಲ್ಲಿ ರಂಗಸ್ಥಳ ಏಳುತ್ತದೆ. ಮಳೆಗಾಲ ಕಳೆದ ಮೇಲೆ, ನವೆಂಬರಿನ ಹೊತ್ತಿಗೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಜಗುಲಿಯ ಮೇಲೆ ವೇಷವಿಲ್ಲದ ತಾಳಮದ್ದಳೆ. ಚಂಡೆ, ಮದ್ದಳೆಗಳಿಗೆ ಹಲಸಿನ ಮರ ಬೇಕು. ಕಿರೀಟ, ಭುಜಕೀರ್ತಿಗಳನ್ನು ಹಗುರ ಮರದಲ್ಲಿ ಕೆತ್ತುತ್ತಾರೆ. ಕೇದಗೆ ಮುಂದಲೆ ತನ್ನ ಹೆಸರನ್ನೂ ಆಕಾರವನ್ನೂ ಪಡೆದದ್ದು ನೀರಿನಂಚಿನಲ್ಲಿ ಬೆಳೆಯುವ ಕೇದಗೆಯಿಂದ. ಬಣ್ಣದ ವೇಷದ ಮುಖದ ಮೇಲಿನ ಚಿಟ್ಟಿಗೆ ಅಕ್ಕಿಹಿಟ್ಟು, ಸುಣ್ಣ. ಗದ್ದೆ, ಹಳ್ಳ, ಕಾಡು, ಮಳೆ ಇವೆಲ್ಲ ಸೇರಿ ಆಡಿಸುವ ಆಟವಿದು. ಗದ್ದೆಗೆ ಮಣ್ಣು ತುಂಬಿ, ಹಳ್ಳಕ್ಕೆ ಪೈಪು ಹಾಕಿ, ಬೆಟ್ಟವನ್ನು ಬೋಳಿಸಿದ ಮೇಲೆ ಉಳಿಯುವ ವೇಷಕ್ಕೆ ‘ಸ್ಥಳೀಯ ಕಲೆ’ ಎಂಬ ಹೆಸರು ಎಷ್ಟು ದಿನ ನಿಲ್ಲೀತು?

ನೀರಿನ ಲೆಕ್ಕ

ಭಾವನೆಯ ಮಾತು ಬೇಡ, ಲೆಕ್ಕ ಹೇಳಿ ಎನ್ನುವವರಿಗಾಗಿ ಲೆಕ್ಕ. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಜಲಜೀವನ ಯೋಜನೆಯ ಪ್ರಕಾರ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಭಾರತೀಯ ಮಾನಕ ಸಂಸ್ಥೆ ಸಾಧಾರಣ ಹೋಟೆಲುಗಳ ನೀರಿನ ಅಗತ್ಯವನ್ನು ಹಾಸಿಗೆಯೊಂದಕ್ಕೆ ದಿನಕ್ಕೆ 180 ಲೀಟರ್ ಎಂದೂ, ಪಂಚತಾರಾ ಹೋಟೆಲುಗಳಿಗೆ 320 ಲೀಟರ್ ಎಂದೂ ಲೆಕ್ಕಹಾಕುತ್ತದೆ. ನಲವತ್ತು ಹಾಸಿಗೆಗಳ ರೆಸಾರ್ಟನ್ನು ಸಾಧಾರಣ ಹೋಟೆಲೆಂದೇ ಎಣಿಸಿದರೂ ದಿನಕ್ಕೆ 7,200 ಲೀಟರ್ ಬೇಕು. ಸರ್ಕಾರದ್ದೇ ಮಾನದಂಡದಂತೆ ಅದು ನೂರಮೂವತ್ತು ಹಳ್ಳಿಗರ ಪಾಲಿನ ನೀರು.

ಇನ್ನು ಈಜುಕೊಳ. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ, ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಆಳದ ಚಿಕ್ಕ ಕೊಳಕ್ಕೂ ಒಮ್ಮೆ ತುಂಬಲು 72,000 ಲೀಟರ್ ಬೇಕು. ಅದೇ ನೂರಮೂವತ್ತು ಜನರ ಊರಿಗೆ ಅದು ಹತ್ತು ದಿನಗಳ ನೀರು. ಹುಲ್ಲುಹಾಸಿಗೆ, ಬಟ್ಟೆ ಒಗೆಯಲು, ಅಡುಗೆಮನೆಗೆ ಬೇಕಾದ ನೀರನ್ನು ಬೇರೆಯಾಗಿ ಹೇಳುವುದೂ ಬೇಡ. ವಿದ್ಯಾರ್ಥಿ ಮಿತ್ರರು ತಮ್ಮ ಊರಿನ ಮನೆಗಳನ್ನೆಣಿಸಿ ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕೆಂದು ವಿನಂತಿ.

ಮಳೆಗಾಲದಲ್ಲಿ ಈ ಲೆಕ್ಕ ಯಾರನ್ನೂ ಬಾಧಿಸದು. ಅಂಗಳದಲ್ಲೇ ಒರತೆ ಏಳುವ ನಾಡಿದು. ಆದರೆ ಪ್ರವಾಸಿಗಳ ಸುಗ್ಗಿ ಮಳೆ ನಿಂತ ಮೇಲೆ ಆರಂಭವಾಗಿ ಬೇಸಿಗೆಯ ರಜೆಯಲ್ಲಿ ತುದಿ ಮುಟ್ಟುತ್ತದೆ. ಮಾರ್ಚ್ ತಿಂಗಳಿಗೇ ಅಬ್ಬಿಯ ನೀರು ಎಳೆಯಾಗಿ, ಏಪ್ರಿಲಿನಲ್ಲಿ ಬಾವಿಯ ತಳ ಕಾಣಿಸುವ ಹೊತ್ತು ಅದು. ಮೇಲಿನ ಊರಿನವರು ಹಳ್ಳಕ್ಕೆ ಪೈಪು ಹಾಕಿದರೆ ಕೆಳಗಿನ ಊರಿನವರು ಬಂದು ಜಗಳವಾಡುತ್ತಾರೆ, ಹಿರಿಯರು ಕುಳಿತು ಸರದಿ ಗೊತ್ತುಮಾಡುತ್ತಾರೆ. ರೆಸಾರ್ಟು ಆಳವಾದ ಕೊಳವೆಬಾವಿ ಕೊರೆಸಿದರೆ ಅದರ ಜೊತೆ ಜಗಳವಾಡಲು ಯಾವ ಕಟ್ಟೆಗೆ ಹೋಗಬೇಕು? ಅದರ ಮಾಲೀಕರು ನಗರದಲ್ಲಿರುತ್ತಾರೆ. ಇಲ್ಲಿ ಸಿಗುವವನು ಗೇಟಿನ ಕಾವಲುಗಾರ ಮಾತ್ರ. ಪಾಪ, ಅವನೂ ನಮ್ಮೂರಿನ ಹುಡುಗನೇ.

ಬೆಟ್ಟ ಕುಸಿದಾಗ

ರೆಸಾರ್ಟು ಬೇಡುವುದು ನೋಟವಿರುವ ಜಾಗವನ್ನು, ನೋಟವಿರುವುದು ಇಳಿಜಾರಿನಲ್ಲಿ. ಇಳಿಜಾರನ್ನು ಜೆಸಿಬಿಯಿಂದ ಕಡಿದು ಮೆಟ್ಟಿಲು ಮಾಡಿ, ಮೇಲಿನ ದರೆಯನ್ನು ನೇರವಾಗಿ ನಿಲ್ಲಿಸಿ, ತೆಗೆದ ಮಣ್ಣನ್ನು ಹಳ್ಳದ ಪಾತ್ರಕ್ಕೆ ದೂಡುತ್ತಾರೆ. ಬೇರುಗಳ ಹಿಡಿತ ತಪ್ಪಿದ ಮಣ್ಣಿಗೆ ದಿನಗಟ್ಟಲೆ ಮಳೆ ಇಳಿದರೆ ಏನಾಗುತ್ತದೆಂಬುದನ್ನು ಹೇಳಲು ವಿಜ್ಞಾನಿಗಳೇ ಬೇಕಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು, ಮರುವರ್ಷವೂ ಕುಸಿದವು. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟಗಳೇ ಜಾರಿಹೋದವು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನ ಬಳಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಅದೇ ತಿಂಗಳ ಕೊನೆಯಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಒಂದೇ ರಾತ್ರಿಯಲ್ಲಿ ಕೊಚ್ಚಿಹೋದವು. ಈ ಎಲ್ಲ ಕುಸಿತಗಳಿಗೂ ರೆಸಾರ್ಟುಗಳೇ ಕಾರಣವೆಂದು ನಾವು ಹೇಳುತ್ತಿಲ್ಲ. ವಿಪರೀತ ಮಳೆ, ರಸ್ತೆಗಾಗಿ ಕಡಿದ ಗುಡ್ಡ, ಮಣ್ಣಿನ ಗುಣ, ಒಂದೊಂದು ಕಡೆ ಒಂದೊಂದು ಕಾರಣವಿದೆ. ಆದರೆ ಇಷ್ಟನ್ನು ಕಂಡ ಮೇಲೂ ಇಳಿಜಾರಿಗೆ ಹೊಸದಾಗಿ ಹಾರೆ ಹಾಕುವವರು ಮೊದಲು ಉತ್ತರ ಕೊಡಬೇಕು.

2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ 10 ನಮ್ಮ ರಾಜ್ಯದಲ್ಲಿವೆ. ಅದಕ್ಕೆ ಒಂದು ವರ್ಷ ಮೊದಲು ಮಾಧವ ಗಾಡ್ಗೀಳರ ಸಮಿತಿ ವರದಿ ನೀಡಿತ್ತು. ನಿರ್ಧಾರಗಳು ಗ್ರಾಮಸಭೆಯಿಂದ ಮೇಲಕ್ಕೆ ಹೋಗಬೇಕು ಎಂಬುದು ಅದರ ತಿರುಳು. ಆ ವರದಿಯ ಬಗೆಗೂ ಅನಂತರ ಬಂದ ಕಸ್ತೂರಿರಂಗನ್ ವರದಿಯ ಬಗೆಗೂ ನಮ್ಮ ಊರುಗಳಲ್ಲೇ ಭಿನ್ನಾಭಿಪ್ರಾಯವಿದೆ. ಕೃಷಿಕರ ಭಯವನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ‘ವರದಿ ಜಾರಿಯಾದರೆ ನಿಮ್ಮ ಕೊಟ್ಟಿಗೆ ಕಟ್ಟಲೂ ಅನುಮತಿ ಸಿಗದು’ ಎಂದು ಊರೂರು ತಿರುಗಿ ಹೆದರಿಸಿದವರ ಗುಂಪಿನಲ್ಲಿ ಕೆಲವರು ಇಂದು ಅದೇ ಬೆಟ್ಟವನ್ನು ಮೂರಂತಸ್ತಿನ ಕಟ್ಟಡಕ್ಕೆ ಕೊಡಿಸಲು ದಲ್ಲಾಳಿಗಳಾಗಿ ಬಂದಿದ್ದಾರೆ.

ಖಾಂಡವದ ಕಥೆ

ನಮ್ಮ ಅರ್ಥಧಾರಿಗಳಿಗೆ ಖಾಂಡವವನದ ಕಥೆಯನ್ನು ಹೇಳಿಕೊಡಬೇಕಿಲ್ಲ. ಬೇಸಿಗೆಯ ಬಿಸಿಲಿಗೆ ಬೇಸತ್ತ ಕೃಷ್ಣಾರ್ಜುನರು ಪರಿವಾರದೊಡನೆ ಯಮುನೆಯ ದಡಕ್ಕೆ ಜಲವಿಹಾರಕ್ಕೆ ಹೋಗುತ್ತಾರೆ. ಅಲ್ಲಿ ಹಾಡು, ಕುಣಿತ, ಭಕ್ಷ್ಯಭೋಜ್ಯ ಎಲ್ಲವೂ ಇವೆ. ಆಗ ಬ್ರಾಹ್ಮಣನ ವೇಷದಲ್ಲಿ ಅಗ್ನಿ ಬಂದು ಹಸಿವೆನ್ನುತ್ತಾನೆ. ಶ್ವೇತಕಿ ರಾಜನ ಯಜ್ಞಗಳಲ್ಲಿ ತುಪ್ಪ ಕುಡಿದು ಕುಡಿದು ಅವನಿಗೆ ಅಜೀರ್ಣವಾಗಿದೆ. ಔಷಧಕ್ಕೆ ಒಂದು ಇಡೀ ಕಾಡು ಬೇಕು. ಖಾಂಡವ ಉರಿಯುತ್ತದೆ. ತಪ್ಪಿಸಿಕೊಂಡು ಹೋಗುವ ಪ್ರಾಣಿಪಕ್ಷಿಗಳನ್ನು ಹಿಡಿಹಿಡಿದು ಬೆಂಕಿಗೇ ನೂಕುತ್ತಾರೆ. ಜೀವ ಉಳಿಸಿಕೊಂಡ ಕೆಲವರಲ್ಲಿ ಮಯನೊಬ್ಬ; ಉಪಕಾರ ಸ್ಮರಣೆಗೆಂದು ಅವನು ಪಾಂಡವರಿಗೆ ಬೆರಗಿನ ಸಭೆಯೊಂದನ್ನು ಕಟ್ಟಿಕೊಡುತ್ತಾನೆ. ಆ ಸಭೆಯಲ್ಲಿ ನೆಲವೆಂದು ತಿಳಿದು ದುರ್ಯೋಧನ ನೀರಿಗೆ ಬೀಳುತ್ತಾನೆ. ನಕ್ಕವರ ನಗು ಜೂಜಿಗೆ, ಜೂಜು ಕುರುಕ್ಷೇತ್ರಕ್ಕೆ ದಾರಿಯಾಗುತ್ತದೆ.

ಹೊಟ್ಟೆತುಂಬಿದವನ ಅಜೀರ್ಣಕ್ಕೆ ಕಾಡನ್ನು ಔಷಧವಾಗಿ ಕೊಡುವ ಕಥೆ ಮಹಾಭಾರತದಲ್ಲೇ ಮುಗಿಯಲಿಲ್ಲ. ನಗರದ ದುಡಿಮೆ, ಗದ್ದಲ, ಹೊಗೆಗಳಿಂದ ಬಳಲಿದವರಿಗೆ ವಿಶ್ರಾಂತಿ ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ನಮ್ಮ ಸೊಪ್ಪಿನ ಬೆಟ್ಟ, ನಮ್ಮ ಅಬ್ಬಿ, ನಮ್ಮ ಗದ್ದೆಬಯಲು ಆಹುತಿಯಾಗಬೇಕೇ? ಆಹುತಿ ಕೊಡುವಾಗ ಹಿನ್ನೆಲೆಗೆ ನಮ್ಮದೇ ಚಂಡೆ ಬಾರಿಸಬೇಕೇ? ಮಹಿಷಾಸುರನನ್ನು ಮುಕ್ಕಾಲು ತಾಸಿನಲ್ಲಿ ಕೊಂದು ತೋರಿಸುವವರು ಒಮ್ಮೆಯಾದರೂ ಖಾಂಡವ ದಹನದ ಕಥೆಯನ್ನು ಅರ್ಥಸಹಿತವಾಗಿ ಆಡಲಿ. ಅತಿಥಿಗಳಿಗೆ ಅವರ ಭಾಷೆಯಲ್ಲಿ ಅದನ್ನು ವಿವರಿಸುವ ಏರ್ಪಾಡನ್ನು ನಾವೇ ಮಾಡುತ್ತೇವೆ.

ಕಲಾವಿದರ ಮಾತು

ಇಷ್ಟು ಹೇಳಿದ ಮೇಲೆ ಕಲಾವಿದರ ಮುಖ ನೋಡಿ ಉತ್ತರಿಸಬೇಕಾದ ಮಾತೊಂದಿದೆ. ಬೇಲಿಯೊಳಗೆ ವೇಷ ಕಟ್ಟಿದ ಆ ನೆರೆಮನೆಯ ಕಲಾವಿದರನ್ನು ಮರುವಾರ ಭೇಟಿಯಾದಾಗ ಅವರು ಸಿಟ್ಟಾಗಲಿಲ್ಲ, ಸಂಕೋಚವನ್ನೂ ಪಡಲಿಲ್ಲ. ಇರುಳಿಡೀ ಕುಣಿದರೂ ಸಿಗದ ಸಂಭಾವನೆ ಅಲ್ಲಿ ಮುಕ್ಕಾಲು ತಾಸಿಗೆ ಸಿಗುತ್ತದೆ, ಮನೆಯಲ್ಲಿ ಓದುವ ಮಕ್ಕಳಿದ್ದಾರೆ, ಮಳೆಗಾಲದ ಆರು ತಿಂಗಳು ನೀವು ನನ್ನನ್ನು ಸಾಕುತ್ತೀರಾ ಎಂದು ಕೇಳಿದರು. 2020ರ ಮಾರ್ಚಿನಲ್ಲಿ ಕೊರೊನಾದಿಂದ ತಿರುಗಾಟ ನಿಂತಾಗ ಮೇಳದವರ ಮನೆಗಳಲ್ಲಿ ಏನಾಯಿತೆಂಬುದನ್ನು ಅವರು ನೆನಪಿಸಿದರು. ಅವರ ಪ್ರಶ್ನೆಗೆ ನಮ್ಮ ಬಳಿ ಸಿದ್ಧ ಉತ್ತರವಿರಲಿಲ್ಲ.

ಅವರಿಗೆ ‘ಹೋಗಬೇಡಿ’ ಎನ್ನುವ ನೈತಿಕ ಅಧಿಕಾರ ನಮಗಿಲ್ಲ. ಕಲೆಯನ್ನು ಉಳಿಸುವ ಭಾರವನ್ನು ಬಡ ಕಲಾವಿದನ ಹೆಗಲಿಗೆ ಹೊರಿಸಿ ನಾವು ವೇದಿಕೆಯಲ್ಲಿ ಭಾಷಣ ಮಾಡಿದರೆ ಅದು ಕಪಟ. ಆದರೆ ಅವರೊಡನೆ ಇನ್ನಷ್ಟು ಮಾತಾಡಿದಾಗ ಬೇರೊಂದು ಸಂಗತಿ ತಿಳಿಯಿತು. ಅವರಿಗೆ ಲಿಖಿತ ಕರಾರಿಲ್ಲ. ಅತಿಥಿಗಳು ಕಡಿಮೆಯಿದ್ದ ದಿನ ಆಟ ರದ್ದು, ಸಂಭಾವನೆಯೂ ರದ್ದು. ಯಾವ ಪ್ರಸಂಗ, ಎಷ್ಟು ಹೊತ್ತು ಎಂಬುದನ್ನು ತೀರ್ಮಾನಿಸುವವರು ಅಡುಗೆಮನೆಯ ಮೇಲ್ವಿಚಾರಕರು. ಹಿಮ್ಮೇಳದವರನ್ನು ಬಿಟ್ಟು ಧ್ವನಿಮುದ್ರಿಕೆ ಹಾಕಿದರೆ ಖರ್ಚು ಉಳಿಯುತ್ತದಲ್ಲವೇ ಎಂಬ ಸಲಹೆಯೂ ಬಂದಿದೆಯಂತೆ. ನಾಳೆ ಭಾಗವತರೇ ಬೇಡವಾದರೆ, ನಾಡಿದ್ದು ವೇಷಧಾರಿಯೂ ಬೇಡವಾಗುವುದಕ್ಕೆ ಎಷ್ಟು ಹೊತ್ತು? ಪ್ರೋತ್ಸಾಹವೆಂಬುದು ಹೀಗಿರುತ್ತದೆಯೇ?

ಹೆಗ್ಗೋಡು ತೋರಿಸಿದ ದಾರಿ

ಹಾಗಾದರೆ ಬೇರೆ ದಾರಿಯಿಲ್ಲವೇ? ಇದೆ. ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲೇ ರಂಗಮಂದಿರ ಕಟ್ಟಿತು, ರಂಗಶಿಕ್ಷಣ ಕೇಂದ್ರ ನಡೆಸಿತು, 1985ರಿಂದ ತಿರುಗಾಟದ ಮೂಲಕ ನಾಟಕಗಳನ್ನು ನಾಡಿನುದ್ದಕ್ಕೂ ಒಯ್ದಿತು. ಅದರ ರೂವಾರಿ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿಯ ಸಂಸ್ಕೃತಿ ಶಿಬಿರಕ್ಕೆ ದೂರದೂರದಿಂದ ಜನ ಬಂದರು, ಸಾಲಿನಲ್ಲಿ ನಿಂತು ಸರಳವಾದ ಊಟ ಮಾಡಿದರು, ಸಂಜೆ ಊರವರ ಪಕ್ಕದಲ್ಲಿ ಕುಳಿತು ನಾಟಕ ನೋಡಿದರು. ಅಲ್ಲಿಯೂ ಊಟವಿದೆ, ಆಟವಿದೆ, ಪ್ರವಾಸಿಯೂ ಇದ್ದಾನೆ. ಆದರೆ ಮನೆಯ ಯಜಮಾನ ಊರು, ಬಂದವನು ಅತಿಥಿ.

ಶಿವರಾಮ ಕಾರಂತರನ್ನು ಮತ್ತೊಮ್ಮೆ ನೆನೆಯಬೇಕು. ಯಕ್ಷಗಾನವನ್ನು ಲೋಕದ ರಂಗಭೂಮಿಗಳಿಗೆ ಕೊಂಡೊಯ್ದ ಅದೇ ಕಾರಂತರು ಕೈಗಾ ಅಣುಸ್ಥಾವರದ ವಿರುದ್ಧ ನಿಂತರು. 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಗೆಲ್ಲಲಿಲ್ಲ. ಆದರೆ ಆಟವನ್ನು ಪ್ರೀತಿಸುವವನು ಕಾಡನ್ನು ಮರೆಯಬೇಕಿಲ್ಲ ಎಂಬುದನ್ನು ಬದುಕಿ ತೋರಿಸಿದರು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿ ನಿಂತವರೂ ಹಗಲು ಗದ್ದೆ ತೋಟಗಳಲ್ಲಿ ದುಡಿದು ಇರುಳು ಆಟ ನೋಡುವ ಜನರೇ.

ಗ್ರಾಮಸಭೆಯಲ್ಲಿ ಕೇಳಬೇಕಾದದ್ದು

ಆದ್ದರಿಂದ ಬರುವ ಗ್ರಾಮಸಭೆಗೆ ಎಲ್ಲರೂ ಬರಬೇಕು, ಬಂದು ಬಾಯಿ ತೆರೆಯಬೇಕು. ನಮ್ಮ ಬಳಗದ ಬೇಡಿಕೆಗಳು ಇವು:

ಒಂದು, ಭೂಪರಿವರ್ತನೆಯ ಅರ್ಜಿ, ನಕ್ಷೆ, ನೀರಿನ ಮೂಲ, ಕೊಳಚೆಯ ವಿಲೇವಾರಿ ಇವೆಲ್ಲದರ ಪ್ರತಿಗಳನ್ನು ಗ್ರಾಮಸಭೆಗೆ ಮುಂಚಿತವಾಗಿ ಕನ್ನಡದಲ್ಲಿ ಪ್ರಕಟಿಸಬೇಕು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಾವೇ ಕೇಳಿ ಪಡೆಯುತ್ತೇವೆ.

ಎರಡು, ಬೇಸಿಗೆಯಲ್ಲಿ ಕೆಳಗಿನ ಊರುಗಳಿಗೆ ಕುಡಿಯುವ ನೀರು ಉಳಿದ ಮೇಲಷ್ಟೇ ಬೇರೆ ಬಳಕೆ. ಈಜುಕೊಳಕ್ಕೆ ಹಳ್ಳದ ಅಥವಾ ಕೊಳವೆಬಾವಿಯ ನೀರನ್ನು ಕೊಡಕೂಡದು.

ಮೂರು, ಸೊಪ್ಪಿನ ಬೆಟ್ಟ, ಗೋಮಾಳ, ಹಳ್ಳದ ಅಂಚು, ಕಡಿದಾದ ಇಳಿಜಾರು ಇವುಗಳಲ್ಲಿ ಯಾವುದೇ ಕಟ್ಟಡಕ್ಕೆ ಒಪ್ಪಿಗೆಯಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯತಿಯಲ್ಲಿರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದ ಮೇಲಿಂದ ಎದ್ದುಬಂದು ಆ ಸ್ಥಳವನ್ನು ನೋಡಬೇಕು.

ನಾಲ್ಕು, ಪ್ರವಾಸಿಗಳಿಗೆ ಆಟ ತೋರಿಸುವುದಾದರೆ ಅದು ಊರಿನ ಬಯಲಿನಲ್ಲಿ, ಊರಿನ ಯಕ್ಷಗಾನ ಸಂಘದ ಹೊಣೆಯಲ್ಲಿ, ಊರವರಿಗೂ ತೆರೆದಿರುವಂತೆ ನಡೆಯಲಿ. ಪ್ರಸಂಗವನ್ನು ಸಂಘವೇ ಆರಿಸಲಿ. ಕಥೆಯ ಸಾರಾಂಶವನ್ನು ಅತಿಥಿಗಳ ಭಾಷೆಯಲ್ಲಿ ಬರೆದುಕೊಡುವ, ಚೌಕಿಯಲ್ಲಿ ವೇಷ ಕಟ್ಟುವುದನ್ನು ವಿವರಿಸುವ ಕೆಲಸವನ್ನು ನಮ್ಮ ಕಾಲೇಜು ವಿದ್ಯಾರ್ಥಿಗಳು ಮಾಡಬಲ್ಲರು.

ಐದು, ಹಿಮ್ಮೇಳ ಮುಮ್ಮೇಳಗಳೆರಡಕ್ಕೂ ಲಿಖಿತ ಕರಾರು, ಆಟ ರದ್ದಾದರೂ ಸಂಭಾವನೆ. ಬಂದ ಹಣದಲ್ಲಿ ಒಂದು ಪಾಲು ಮಳೆಗಾಲದ ತರಗತಿಗಳಿಗೆ ಮೀಸಲಾಗಬೇಕು. ಆಗ ಕಲಾವಿದರಿಗೆ ಆರು ತಿಂಗಳ ಕೆಲಸವೂ ಊರಿನ ಮಕ್ಕಳಿಗೆ ತಾಳಜ್ಞಾನವೂ ಸಿಗುತ್ತದೆ. ನೆರೆಮನೆಯ ಆ ಕಲಾವಿದರ ಪ್ರಶ್ನೆಗೆ ನಮಗೆ ಹೊಳೆದಿರುವ ಉತ್ತರ ಇದು. ಇದು ಸಾಲದೆಂದು ಗೊತ್ತಿದೆ. ಉಳಿದದ್ದನ್ನು ಸಭೆಯಲ್ಲಿ ಕುಳಿತು ಹುಡುಕೋಣ.

ಆರು, ಊಟವನ್ನು ಊರಿನ ಮಹಿಳಾ ಸಂಘಗಳು ಬಡಿಸಲಿ. ತಂಬುಳಿ, ಅಪ್ಪೆಹುಳಿ, ಕೆಸುವಿನ ಪಲ್ಯ, ಹಲಸಿನ ಹಪ್ಪಳಗಳು ಪ್ರವಾಸಿಗೆ ಇಷ್ಟವಾಗದೇ ಇರಲಾರವು. ಬೆಟ್ಟದ ಮಾವಿನ ಮರ, ಹಳ್ಳದ ಕೆಸು ಉಳಿದರೆ ಮಾತ್ರ ಆ ಅಡುಗೆಯೂ ಉಳಿಯುತ್ತದೆ ಎಂಬುದನ್ನು ಬಡಿಸುವಾಗಲೇ ಹೇಳಬಹುದು.

ಈ ಷರತ್ತುಗಳಿಗೆ ಒಪ್ಪುವವರಿಗೆ ನಮ್ಮ ಸ್ವಾಗತವಿದೆ. ಒಪ್ಪದವರು ತಮ್ಮ ಪುಸ್ತಿಕೆಯ ಮುಖಪುಟದಿಂದ ಯಕ್ಷಗಾನದ ವೇಷವನ್ನು ತೆಗೆದು, ಅಲ್ಲಿ ಜೆಸಿಬಿಯ ಚಿತ್ರವನ್ನು ಹಾಕಲಿ. ಕನಿಷ್ಠ ಅದು ಪ್ರಾಮಾಣಿಕವಾದೀತು.

ಅಂದು ಬೇಲಿಯ ಬಳಿಯಿಂದ ಹಿಂದಿರುಗುವಾಗ ಮಕ್ಕಳಲ್ಲೊಬ್ಬ, ನಾಲ್ಕನೆಯ ತರಗತಿಯವನಿರಬೇಕು, ದಾರಿಯುದ್ದಕ್ಕೂ ಮಹಿಷಾಸುರನಂತೆ ಕುಣಿಯುತ್ತ ಬಂದ. ಅವನ ಹೆಜ್ಜೆ ತಾಳಕ್ಕೆ ಸರಿಯಾಗಿಯೇ ಬೀಳುತ್ತಿತ್ತು. ನಮ್ಮೂರಲ್ಲಿ ಆಟ ಯಾವಾಗ ಎಂದು ಅವನು ಕಂಬಳಿ ಹೊದ್ದ ಅಜ್ಜನನ್ನು ಕೇಳಿದ. ಈ ವರ್ಷ ಗದ್ದೆ ಖಾಲಿ ಇಲ್ಲ, ಅಳತೆಯವರು ಬಂದು ಕಲ್ಲು ನೆಟ್ಟಿದ್ದಾರೆ ಎಂದರು ಅಜ್ಜ. ಆ ಕಲ್ಲು ಅಲ್ಲಿಯೇ ಇರಬೇಕೋ ಬೇಡವೋ ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿದೆ. ತಪ್ಪದೆ ಬನ್ನಿ, ಮಕ್ಕಳನ್ನೂ ಕರೆತನ್ನಿ.